ಎಲ್ಲಿಗೋ ಹೋಗಿರುತ್ತಾಳೆ

ಲಿಂಗಸುಗೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಹನ್ನೆರಡು ವರ್ಷದಿಂದ ರೊಟ್ಟಿ ಬಡಿಯುವ ಬಸ್ಸಮ್ಮನ ಬಾಯಿ ಜೋರು ಎಂಬುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಹುಳ ಬಿದ್ದ ತೊಗರಿಬೇಳೆಯ ಚೀಲ ತಂದು ಇಳಿಸಿದ ಗುತ್ತಿಗೆದಾರನ ಗಾಡಿಗೇ ಅದನ್ನು ಮತ್ತೆ ಹೊರಿಸಿ, "ಮೊದಲ ನಿಮ್ಮ ಮನ್ಯಾಗ ನಿಮ್ಮ ಮಕ್ಕಳಿಗೆ ಕುದಿಸಿ ಹಾಕ್ರಿ, ಅವು ಉಂಡ ಮ್ಯಾಲೆ ಇಲ್ಲಿಗೆ ತರ್ರಿ" ಎಂದು ಕಳಿಸಿದವಳು ಅವಳು. ವಾರ್ಡನ್ ಉಮಾದೇವಿ ಮೇಡಂ ಕೂಡ ಅವಳ ಮುಂದೆ ಮಾತನ್ನು ತೂಗಿ ಆಡುತ್ತಿದ್ದರು. ಇಂಥ ಬಸ್ಸಮ್ಮ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಮೆತ್ತಗೆ ಮಾತಾಡಿದಳು. ಆ ಒಂದು ಮಾತೇ ಅವಳ ಕುತ್ತಿಗೆಗೆ ಬಂತು.

ಮಗಳ ಹೆಸರು ಸಂಘಮಿತ್ರಾ. ಹತ್ತೊಂಬತ್ತು ವರ್ಷ. ಸಿಂಧನೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತ ಅಲ್ಲೇ ಉಳಿದುಕೊಂಡಿದ್ದಳು. ಪ್ರತಿ ಶನಿವಾರ ಸಂಜೆ ಬಸ್ಸು ಹಿಡಿದು ಮಸ್ಕಿ ದಾಟಿ ಮನೆಗೆ ಬರುವುದು, ತಾಯಿ ಮಾಡಿದ್ದಕ್ಕೆಲ್ಲ ಉಪ್ಪು ಕಮ್ಮಿ, ಖಾರ ಜಾಸ್ತಿ ಎಂದು ಹೆಸರಿಡುತ್ತಲೇ ಎರಡೆರಡು ಸಲ ನೀಡಿಸಿಕೊಂಡು ಉಣ್ಣುವುದು, ಸೋಮವಾರ ನಸುಕಿಗೆ ಹೊರಡುವುದು ಅವಳ ರೂಢಿ. ಅರವತ್ತು ಹುಡುಗಿಯರು ಬಾಯಿ ಚಪ್ಪರಿಸಿ ಉಣ್ಣುವ ಅಡುಗೆಗೆ ಹೆಸರಿಡುವ ಧೈರ್ಯ ಇದ್ದದ್ದು ಅವಳೊಬ್ಬಳಿಗೆ. ಬಸ್ಸಮ್ಮ ಮೇಲೆ ಬೈದರೂ ಒಳಗೊಳಗೇ ಖುಷಿಪಡುತ್ತಿದ್ದಳು, ತನ್ನ ಬಾಯಿ ಮಗಳಿಗೂ ಬಂದಿದೆಯಲ್ಲ ಎಂದು.

ಫೆಬ್ರುವರಿಯ ಒಂದು ಶನಿವಾರ ಸಂಘಮಿತ್ರಾ ಬಸ್ಸಿಗೆ ಬರಲಿಲ್ಲ. ಅವಳ ಗೆಳತಿ ಪ್ರಿಯಾಂಕಾ ಮಸ್ಕಿಯವಳು. ಅವರ ಕಾಲೇಜಿನಲ್ಲೇ ಓದುತ್ತಿದ್ದ, ರೈಸ್ ಮಿಲ್ಲಿನವರ ಮಗ ಹನುಮಂತರಾಯ ಕಾರಿನಲ್ಲಿ ಮಸ್ಕಿ ಕಡೆ ಹೊರಟಿದ್ದನಂತೆ. ಪ್ರಿಯಾಂಕಾ ಅವನ ಪಕ್ಕ ಕೂತಳು. ಸಿಂಧನೂರು ಬಿಟ್ಟು ಮಸ್ಕಿ ಮುಟ್ಟುವ ಮೊದಲೇ, ಸಂಜೆ ಐದೂವರೆಯ ಹೊತ್ತಿಗೆ, ಕಾರು ಮೋರಿಯ ಕಟ್ಟೆಗೆ ಬಡಿದು ಪಕ್ಕದ ಗದ್ದೆಗೆ ಉರುಳಿತು. ಹುಡುಗನ ಕೈ ಮುರಿಯಿತು, ಪ್ರಿಯಾಂಕಾಳ ಕಾಲು ಮುರಿದು ತಲೆಗೂ ಪೆಟ್ಟಾಯಿತು. ಜನ ಇಬ್ಬರನ್ನೂ ಸಿಂಧನೂರಿನ ಆಸ್ಪತ್ರೆಗೆ ಸಾಗಿಸಿದರು. ಹಿಂದಿನ ಸೀಟಿನಲ್ಲಿ ಸಂಘಮಿತ್ರಾಳ ಬ್ಯಾಗು ಸಿಕ್ಕಿತು, ಅದರೊಳಗೆ ಗಾಜು ಚೂರಾದ ಅವಳ ಫೋನು ಸಿಕ್ಕಿತು. ಅವಳು ಮಾತ್ರ ಸಿಗಲಿಲ್ಲ.

"ಆಕಿ ಕಾರಿನ್ಯಾಗ ಇರಲೇ ಇಲ್ರಿ. ಬ್ಯಾಗ್ ಭಾರ ಅಂತ ಇಟ್ಟು, ನಾ ಬಸ್ಸಿಗೆ ಬರ್ತೀನಿ ಅಂದಿದ್ಲು" ಎಂದು ಮಿಲ್ಲಿನ ಮನೆಯವರು ಹೇಳಿದರು. ಪ್ರಿಯಾಂಕಾಳಿಗೆ ಆ ದಿನದ ನೆನಪೇ ಇಲ್ಲವೆಂದು ಅವಳ ತಂದೆ ಬಾಗಿಲಲ್ಲೇ ನಿಂತು ಹೇಳಿ ಕಳಿಸಿದ. ಮಿಲ್ಲಿನವರು ಯಾಕೆ ಹಾಗಂದರೋ ಯಾರಿಗೂ ತಿಳಿಯದು. ಕಾರಿನಲ್ಲಿದ್ದ ಮೂರನೆಯವಳು ಕಾಣುತ್ತಿಲ್ಲ ಎಂದು ಒಪ್ಪಿಕೊಂಡರೆ, ಎಲ್ಲಿ ಹೋದಳು ಎಂಬ ಪ್ರಶ್ನೆಗೂ ಅವರೇ ಉತ್ತರ ಕೊಡಬೇಕಾಗುತ್ತಿತ್ತು. ಇಬ್ಬರೇ ಇದ್ದರು ಎಂದುಬಿಟ್ಟರೆ ಆ ಕಿರಿಕಿರಿಯೇ ಇಲ್ಲ.

ಭಾನುವಾರ ಬೆಳಿಗ್ಗೆ ಬಸ್ಸಮ್ಮ ಗಂಡ ಅಯ್ಯಪ್ಪನನ್ನು ಕರೆದುಕೊಂಡು ಲಿಂಗಸುಗೂರಿನ ಠಾಣೆಗೆ ಹೋದಳು. ಅಯ್ಯಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಜವಾನ. ಸಾಹೇಬರ ಮುಂದೆ ಕೈಕಟ್ಟಿ ನಿಂತು ನಿಂತು, ಕುರ್ಚಿ ತೋರಿಸಿದರೂ ಕೂಡಲು ಹೆದರುವ ಮನುಷ್ಯ. ಆ ದಿನವೂ ಗೋಡೆಗೆ ಒರಗಿಯೇ ನಿಂತ. ಠಾಣೆಯ ರೈಟರ್ ಮರಿಸ್ವಾಮಿ ಕಾಗದ ಎಳೆದುಕೊಂಡು, "ಹೇಳವ್ವಾ, ಏನಾತು?" ಎಂದ.

ಬಸ್ಸಮ್ಮ ಮಾತು ಹುಡುಕಿದಳು. "ಮಗಳನ್ನ ಕಳಕೊಂಡೀನಿ" ಎನ್ನೋಣವೆಂದರೆ, ಅವರ ಕಡೆ ಹಾಗೆ ಹೇಳುವುದು ಮಣ್ಣು ಮಾಡಿ ಬಂದ ಮೇಲೆ. "ಮಗಳು ಇಲ್ರಿ" ಎಂದರೂ ಅದೇ ಅರ್ಥ. "ಹೋದ್ಲು" ಎಂದರೆ ಮುಗಿದೇ ಹೋಯಿತು. ಪೇಪರಿನಲ್ಲಿ ಬರುವ "ಕಾಣೆ" ಎಂಬ ಶಬ್ದ ಆ ಹೊತ್ತಿನಲ್ಲಿ ಅವಳ ನಾಲಿಗೆಗೆ ಬರಲೇ ಇಲ್ಲ. ಕೆಟ್ಟ ಮಾತು ಬಾಯಿಂದ ಬಿದ್ದು ನಿಜವಾಗಿಬಿಟ್ಟರೆ ಎಂಬ ಹೆದರಿಕೆಯಲ್ಲಿ, ಎಲ್ಲ ಮಾತಿಗಿಂತ ಮೆತ್ತಗಿನದನ್ನು ಆರಿಸಿಕೊಂಡಳು. "ಮಗಳು ಎಲ್ಲಿಗೋ ಹೋಗ್ಯಾಳ್ರೀ ಸಾಹೇಬ್ರ. ಹುಡುಕಿ ಕೊಡ್ರಿ" ಎಂದಳು. ಎಲ್ಲಿಗೋ ಹೋದವರು ಬರುತ್ತಾರೆ, ಅಷ್ಟೇ ಅವಳ ಲೆಕ್ಕ.

ಮರಿಸ್ವಾಮಿ ಬರೆದ. ಬಸ್ಸಮ್ಮ ಏಳನೆಯ ಇಯತ್ತೆವರೆಗೆ ಓದಿದವಳು. ಆದರೆ ಆ ದಿನ ಅಕ್ಷರಗಳೆಲ್ಲ ಕಣ್ಣೀರಿನಲ್ಲಿ ಕಲಸಿಹೋಗಿದ್ದವು. ತೋರಿಸಿದಲ್ಲಿ ಸಹಿ ಮಾಡಿ ಎದ್ದು ಬಂದಳು.

ಕಾರಿನಲ್ಲಿ ಬ್ಯಾಗು ಸಿಕ್ಕಿತ್ತೆಂದು ಎರಡು ದಿನ ಮೋರಿಯ ಕೆಳಗಿನ ಕಾಲುವೆಯಲ್ಲಿ ಹುಡುಕಿದರು. ಏನೂ ಸಿಗಲಿಲ್ಲ. ಮೂರನೆಯ ದಿನದಿಂದ ಯಾರೂ ಹುಡುಕಲಿಲ್ಲ. ಕೇಳಲು ಹೋದರೆ ಅಪಘಾತ ನಡೆದ ಜಾಗ ತಮಗೆ ಸೇರಿದ್ದಲ್ಲ ಎಂದು ಒಂದು ಠಾಣೆಯವರು, ದೂರು ಕೊಟ್ಟದ್ದು ತಮ್ಮಲ್ಲಿ ಅಲ್ಲ ಎಂದು ಇನ್ನೊಂದು ಠಾಣೆಯವರು ಕೈ ತೊಳೆದುಕೊಂಡರು. ತಿಂಗಳು ಕಳೆಯುವಷ್ಟರಲ್ಲಿ ಓಣಿಯ ಬಾಯಿಗಳು ಕೆಲಸ ಶುರು ಮಾಡಿದ್ದವು. ನಳದ ಹತ್ತಿರ ಬಸ್ಸಮ್ಮ ಕೊಡ ಇಟ್ಟರೆ ಸಾಕು, ಮಾತು ಪಿಸುಮಾತಾಗುತ್ತಿತ್ತು. ಹುಡುಗಿ ಯಾರ ಜೊತೆಗೋ ಓಡಿಹೋಗಿದ್ದಾಳೆ, ತಾಯಿಗೂ ಗೊತ್ತು, ಮುಚ್ಚಿಡುತ್ತಿದ್ದಾಳೆ ಎಂಬಲ್ಲಿಗೆ ಕಥೆ ಬಂದು ನಿಂತಿತ್ತು.

ಪಾಮನಕಲ್ಲೂರಿನಿಂದ ಅಯ್ಯಪ್ಪನ ಅಣ್ಣ ಅಂಬಪ್ಪ ಬಂದ. ಒಳ್ಳೆಯ ಮನುಷ್ಯನೇ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, "ನೋಡವ್ವಾ ಬಸ್ಸಮ್ಮ, ಕಾಲುವೆ ನೀರು ಎಲ್ಲಿಂದೆಲ್ಲಿಗೆ ಒಯ್ದಿರತೈತೋ ಏನೋ. ಹುಡುಗಿ ಫೋಟೋ ಇಟ್ಟು, ನಾಲ್ಕು ಮಂದಿ ಕರೆಸಿ, ಕೊನೀ ಕಾರ್ಯ ಅಂತ ಬುದ್ಧವಂದನಾ ಮಾಡಿಸಿಬಿಡೂಣು. ಮನಸ್ಸಿಗೂ ಸಮಾಧಾನ ಆಗತೈತಿ. ಇಲ್ಲಂದ್ರ ಮಂದಿ ಓಡಿ ಹೋಗ್ಯಾಳ ಅಂತಾರ. ಅದಕ್ಕಿಂತ ಇದು ಚಲೋ ಅಲ್ಲೇನು?" ಎಂದ.

ಬಸ್ಸಮ್ಮನ ಮೈ ಉರಿದುಹೋಯಿತು. ಮಗಳು ಓಡಿಹೋದಳು ಎನ್ನಿಸಿಕೊಳ್ಳುವುದಕ್ಕಿಂತ ಸತ್ತಳು ಎನ್ನಿಸಿಕೊಳ್ಳುವುದು ಚಲೋ ಅಂತೆ! ಬಾಗಿಲ ಹೊರಗೆ ಕಿವಿ ಚಾಚಿ ನಿಂತಿದ್ದ ಇಬ್ಬರು ಹೆಂಗಸರಿಗೂ ಕೇಳುವ ಹಾಗೆ ಅವಳು ಹೇಳಿದಳು:

"ಭಾವಾ, ನನ್ನ ಮಗಳು ಸತ್ತಾಳ ಅಂತ ನೀವು ಹೇಳಬ್ಯಾಡ್ರಿ. ಓಡಿ ಹೋಗ್ಯಾಳ ಅಂತ ಹೊರಗ ನಿಂತೋರು ಹೇಳಬ್ಯಾಡ್ರಿ. ಗೊತ್ತಿಲ್ಲ ಅನ್ರಿ. ಗೊತ್ತಿಲ್ಲ ಅನ್ನಾಕ ಬಾಯಿ ನೋಯ್ತತೇನು ನಿಮಗ? ನನಗ ಗೊತ್ತಿಲ್ಲ. ನಾ ಗೊತ್ತಿಲ್ಲದಂಗನ ಬದುಕಾಕತ್ತೀನಿ. ನಿಮಗ್ಯಾಕ ಅಷ್ಟು ಅವಸರ?"

ಅಂಬಪ್ಪ ಚಪ್ಪಲಿ ಮೆಟ್ಟಿಕೊಂಡ. ಅಯ್ಯಪ್ಪ ಹೆಂಡತಿಯ ಮುಖವನ್ನೂ ಅಣ್ಣನ ಮುಖವನ್ನೂ ನೋಡಿ, ಕೊನೆಗೆ ಅಣ್ಣನನ್ನು ಬಸ್ಸಿಗೆ ಬಿಟ್ಟು ಬಂದ. ಬಂದವನು, "ಠಾಣೆಕ ಹೋಗಿ ನಾವು ಕೊಟ್ಟ ಕಾಗದದ ನಕಲು ಕೇಳೂಣೇನು? ಕಚೇರ್‍ಯಾಗ ಹೇಳಾಕತ್ತಿದ್ರು, ಅದು ನಮಗ ಸಿಗಬೇಕಂತ" ಎಂದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡ ತಾನಾಗಿಯೇ ಇಂಥದೊಂದು ಮಾತು ಎತ್ತಿದ್ದು ಅದೇ ಮೊದಲು.

ನಕಲು ಸಿಕ್ಕಿತು. ಬಸ್ಸಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಬೆರಳಿಟ್ಟು ಓದಿದಳು. "ನನ್ನ ಮಗಳು ಮನೆಯವರಿಗೆ ತಿಳಿಸದೆ ಎಲ್ಲಿಗೋ ಹೋಗಿರುತ್ತಾಳೆ." ಕೆಳಗೆ ಅವಳದೇ ಸಹಿ. ಕಾರಿನ ಸುದ್ದಿ ಇಡೀ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಅಪಘಾತದ ಕಾಗದ ಬೇರೆ, ಅದರಲ್ಲಿ ಇಬ್ಬರೇ ಇದ್ದರೆಂದಿತ್ತು. ಈ ಕಾಗದ ಬೇರೆ, ಇದರಲ್ಲಿ ಮಗಳು ತನ್ನ ಮನಸ್ಸಿಗೆ ಬಂದಂತೆ ನಡೆದುಹೋಗಿದ್ದಳು. ತನ್ನ ಪಾಡಿಗೆ ತಾನು ಹೋದವಳನ್ನು ಯಾರು ಹುಡುಕುತ್ತಾರೆ? ಓಣಿಯವರು ಆಡಿಕೊಂಡದ್ದಕ್ಕೂ ತಾನು ಬರೆಸಿಕೊಟ್ಟದ್ದಕ್ಕೂ ಏನೂ ಫರಕು ಇರಲಿಲ್ಲ. ಬಸ್ಸಮ್ಮ ತನ್ನ ಬಾಯಿಗೆ ತಾನೇ ಎರಡು ಸಲ ಹೊಡೆದುಕೊಂಡಳು. ಆಮೇಲೆ ಮುಖ ತೊಳೆದು, ಅದೇ ಸೀರೆಯಲ್ಲಿ ಠಾಣೆಗೆ ನಡೆದಳು.

"ಇದನ್ನ ತಿದ್ದಿ ಕೊಡ್ರಿ. ನನ್ನ ಮಗಳು ಆ ಕಾರಿನ್ಯಾಗ ಇದ್ಲು."

ಮರಿಸ್ವಾಮಿ ಕೆಟ್ಟವನಲ್ಲ. ಬೇಸತ್ತವನು. "ಯವ್ವಾ, ನೀವು ಹೇಳಿದ್ದನ್ನ ನಾ ಬರದೀನಿ. ಹೋಗ್ಯಾಳ ಅಂದ್ರಿ, ಹೋಗಿರುತ್ತಾಳೆ ಅಂತ ಬರದೆ. ಕಾರಿನ್ಯಾಗ ಇದ್ಲು ಅಂತ ಈಗ ಹೇಳಿದ್ರ ಹೆಂಗ? ನೋಡಿದೋರು ಯಾರರ ಅದಾರೇನು? ಇದ್ರ ಕರಕೊಂಡು ಬರ್ರಿ, ಮತ್ತೊಂದು ಹೇಳಿಕೆ ತಗೋತೀನಿ."

ನೋಡಿದವರನ್ನು ಹುಡುಕುವುದು ಪೊಲೀಸರ ಕೆಲಸ ಎಂದು ಜಗಳ ತೆಗೆಯಬಹುದಿತ್ತು. ಜಗಳ ತೆಗೆದಳು ಕೂಡ. ಆದರೆ ಮನೆಗೆ ಬರುವ ದಾರಿಯಲ್ಲಿ ಅವಳ ತಲೆ ಬೇರೆ ಕಡೆ ಓಡುತ್ತಿತ್ತು. ಕಾರಿನಿಂದ ಎದ್ದು ಬಂದಿದ್ದರೆ ಮಗಳು ಮೊದಲು ಮಾಡುವ ಕೆಲಸ ಯಾವುದು? ತನಗೆ ಫೋನು ಮಾಡುವುದು. ಅವಳ ಫೋನು ಒಡೆದಿತ್ತು. ಹಾಗಾದರೆ ಬೇರೆಯವರದರಿಂದ. ರಸ್ತೆಯ ಬದಿಗೆ ನಿಂತು ಬಸ್ಸಮ್ಮ ತನ್ನ ಫೋನಿನಲ್ಲಿ ಆ ಶನಿವಾರದ ಕರೆಗಳನ್ನು ತೆಗೆದು ನೋಡಿದಳು. ಐದು ನಲವತ್ತೆಂಟಕ್ಕೆ ಒಂದು, ಐದು ನಲವತ್ತೊಂಬತ್ತಕ್ಕೆ ಒಂದು. ಒಂದೇ ನಂಬರಿನಿಂದ. ಎರಡೂ ಅವಳು ಎತ್ತದ ಕರೆಗಳು. ಆ ಹೊತ್ತಿಗೆ ಅವಳ ಕೈ ಜೋಳದ ಹಿಟ್ಟಿನಲ್ಲಿತ್ತು. ಗೊತ್ತಿಲ್ಲದ ನಂಬರೆಂದರೆ ಸಾಲ ಕೊಡುತ್ತೇವೆ ಎನ್ನುವವರೇ ಎಂದು ಅವಳು ಯಾವತ್ತೂ ಎತ್ತುತ್ತಿರಲಿಲ್ಲ.

ಅಲ್ಲೇ ನಿಂತು ಆ ನಂಬರು ಒತ್ತಿದಳು.

"ಹಲೋ, ಯಾರ್ರೀ? ಬಜ್ಜಿ ಬೇಕಿತ್ತೇನು?" ಎಂದಿತು ಹೆಣ್ಣುದನಿ. ಹಿಂದೆ ಲಾರಿಯ ಹಾರ್ನು ಕೇಳಿಸುತ್ತಿತ್ತು.

"ಫೆಬ್ರುವರಿಯಾಗ ಕಾರು ಉರುಳಿದ ದಿನ ನಿಮ್ಮ ಫೋನಿಂದ ಒಬ್ಬ ಹುಡುಗಿ ಫೋನ್ ಮಾಡಿದ್ಲಲ್ಲ, ನಾ ಆಕಿ ತಾಯಿ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಬಸ್ಸಮ್ಮನಿಗೆ ಅಷ್ಟು ಸಾಕಾಗಿತ್ತು. ಆ ಮೋರಿಯ ಆಸುಪಾಸು ಇದ್ದದ್ದು ಒಂದೇ ಬಜ್ಜಿಯ ಅಂಗಡಿ. ಅಪಘಾತದ ಜಾಗ ನೋಡಲು ಹೋದಾಗಲೆಲ್ಲ ಅದರ ಮುಂದೆಯೇ ಬಸ್ಸಿನಿಂದ ಇಳಿದಿದ್ದಳು.

ಭಾನುವಾರ ಉಮಾದೇವಿ ಮೇಡಂ ಕೇಳುವ ಮೊದಲೇ ರಜೆ ಕೊಟ್ಟರು. ತಗಡಿನ ಅಂಗಡಿ, ಮುಂದೆ ಒಂದು ಬೆಂಚು, ಒಲೆಯ ಮೇಲೆ ಬಾಣಲೆ. ಅಂಗಡಿಯ ಒಡತಿ ದಾವಲ್‌ಬೀ, ಐವತ್ತು ದಾಟಿದ ವಿಧವೆ. ಬಸ್ಸಮ್ಮನನ್ನು ಕಂಡ ಕೂಡಲೇ ಅವಳಿಗೆ ಇವಳು ಯಾರೆಂದು ತಿಳಿದುಹೋಯಿತು.

"ನಾ ಏನೂ ನೋಡಿಲ್ಲ ತಂಗಿ. ಅವತ್ತು ಮಂದಿ ಭಾಳ ಇದ್ರು. ಯಾರೋ ಫೋನ್ ಇಸಗೊಂಡಾರು. ನಂಗ ಖಬರ್ ಇಲ್ಲ."

"ಖಬರ್ ಇಲ್ಲ ಅಂದ್ರ ಇಲ್ಲ ಬಿಡು ಯಕ್ಕಾ. ನಾ ಬಜ್ಜಿ ತಿನ್ನಾಕ ಬಂದೀನಿ" ಎಂದು ಬಸ್ಸಮ್ಮ ಬೆಂಚಿನ ಮೇಲೆ ಕೂತಳು. ಕೂತವಳು ಸಂಜೆಯ ಬಸ್ಸಿನವರೆಗೂ ಏಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಬಂದಳು. ದಾವಲ್‌ಬೀ ಮುಖ ತಿರುಗಿಸಿಕೊಂಡು ಹಿಟ್ಟು ಕಲಸುತ್ತಿದ್ದಳು. ಹನ್ನೆರಡು ವರ್ಷ ಅರವತ್ತು ಮಂದಿಗೆ ಅಡುಗೆ ಮಾಡಿದ ಕೈ ಸುಮ್ಮನಿರಬೇಕಲ್ಲ. "ಸೋಡಾ ಜಾಸ್ತಿ ಆಗೈತಿ, ನೀರೂ ಜಾಸ್ತಿ. ಅದಕ ನಿನ್ನ ಬಜ್ಜಿ ಎಣ್ಣಿ ಕುಡೀತಾವ. ಸರಿ ಅತ್ಲಾಗ" ಎಂದು ಎದ್ದು, ಪಾತ್ರೆ ಕಸಿದುಕೊಂಡು ಕಡಲೆಹಿಟ್ಟು ಸುರಿದು ಕಲಸಿಯೇಬಿಟ್ಟಳು. ದಾವಲ್‌ಬೀ ಬೈದಳು. ಆದರೆ ಆ ದಿನ ಬಜ್ಜಿ ಸಂಜೆಗೆ ಮೊದಲೇ ಖಾಲಿಯಾದವು. ಮೂರನೆಯ ಭಾನುವಾರ ಅವಳೇ ಬೆಂಚಿನ ಮೇಲೆ ಈರುಳ್ಳಿ, ಚಾಕು ಇಟ್ಟಿದ್ದಳು.

ಆ ದಿನ ಮಧ್ಯಾಹ್ನ ಒಂದು ಜೀಪು ಬಂದು ನಿಂತಿತು. ಇಳಿದ ಇಬ್ಬರು ಮಿಲ್ಲಿನಲ್ಲಿ ಕೆಲಸ ಮಾಡುವವರು. ಅಂಗಡಿ ನಿಂತದ್ದು ಮಿಲ್ಲಿನವರ ಹೊಲದ ಅಂಚಿನಲ್ಲಿ. ಅಪಘಾತದ ಮರುದಿನ ಬಂದು, ಕಾರಿನಲ್ಲಿ ಇದ್ದದ್ದು ಎಷ್ಟು ಮಂದಿ ಎಂದು ದಾವಲ್‌ಬೀಗೆ ಹೇಳಿಕೊಟ್ಟು ಹೋದವರೂ ಇವರೇ. ಬಜ್ಜಿ ತಿನ್ನುತ್ತ ಒಬ್ಬ ಬಸ್ಸಮ್ಮನ ಕಡೆ ಗದ್ದ ಎತ್ತಿ, "ಈಕಿ ಯಾರು?" ಎಂದು ಕೇಳಿದ.

ದಾವಲ್‌ಬೀಯ ಕೈಯ ಜಾಲರಿ ಬಾಣಲೆಯ ಅಂಚಿಗೆ ಬಡಿಯಿತು. "ನನ್ನ ತಂಗಿ" ಎಂದಳು.

ಹಣೆಯಲ್ಲಿ ಕುಂಕುಮ ಇದ್ದ ತಂಗಿಯನ್ನು ಅವನು ಮೇಲೆ ಕೆಳಗೆ ನೋಡಿದ. ದಾವಲ್‌ಬೀ ಅವನನ್ನೇ ದುರುಗುಟ್ಟಿ ನೋಡಿದಳು. ಅವನು ತಿಂದು ಹೋದ. ಜೀಪು ಮರೆಯಾದ ಮೇಲೆ ಅವಳು ಒಲೆ ಆರಿಸಿ ಬಸ್ಸಮ್ಮನ ಪಕ್ಕ ಬಂದು ಕೂತಳು. "ತಂಗಿ ಅಂತ ಬಾಯಾಗ ಬಂದುಬಿಡ್ತು. ಇನ್ನ ನಿನ್ನ ಮುಂದ ಸುಳ್ಳು ಹೇಳಾಕ ಆಗಂಗಿಲ್ಲ" ಎಂದಳು.

ಅವಳು ಕಂಡದ್ದು ಇಷ್ಟು. ಕಾರು ಉರುಳಿದ ಸದ್ದಿಗೆ ತಿರುಗಿ ನೋಡಿದರೆ, ಹಿಂದಿನ ಬಾಗಿಲಿನಿಂದ ಒಬ್ಬ ಹುಡುಗಿ ತಾನೇ ತೆವಳಿ ಹೊರಗೆ ಬಂದಳು. ಹುಬ್ಬಿನ ಮೇಲೆ ರಕ್ತ ಇತ್ತು. ನಡೆದುಕೊಂಡೇ ಅಂಗಡಿಗೆ ಬಂದು, ಮುಖ ತೊಳೆದು, ನೀರು ಕುಡಿದು, ಫೋನು ಕೇಳಿದಳು. ಎರಡು ಸಲ ಮಾಡಿದಳು.

"ಅಮ್ಮ ರೊಟ್ಟಿ ಬಡಿಯಾಕತ್ತಿರಬೇಕು, ಎತ್ತಂಗಿಲ್ಲ ಅಂತ ನಕ್ಕಳು ಪೋರಿ. ರಕ್ತ ಸುರಿಯಾಕತ್ತಿದ್ರೂ ನಕ್ಕಳು. ಇಲ್ಲೇ ಕೂಡು ಬೇಟಿ ಅಂತ ಹೇಳಿ, ನಾ ಕೊಡ ತಗೊಂಡು ಆ ಇಬ್ಬರ ಕಡೆ ಓಡಿದೆ. ತಿರುಗಿ ಬರೂದ್ರಾಗ ಬೆಂಚ್ ಖಾಲಿ. ಆ ನಡುವ ಮಸ್ಕಿ ಕಡೆ ಒಂದು ಬಸ್ ಹೋತು, ಎರಡು ಮೂರು ಗಾಡಿ ನಿಂತು ಹೋದವು. ಯಾವುದು ಹತ್ತಿದ್ಲೋ, ನಡಕೊಂಡ ಹೋದ್ಲೋ, ಅಲ್ಲಾ ಕಸಂ ನಂಗ ಗೊತ್ತಿಲ್ಲ."

ಬಸ್ಸಮ್ಮ ತಾನು ಕೂತಿದ್ದ ಬೆಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಇಷ್ಟು ವಾರ ತಡೆದಿಟ್ಟ ಅಳು ಆಗ ಹೊರಗೆ ಬಂತು. ಒಂದು ಸಲ, ಒಂದೇ ಸಲ ಕೈ ಒರೆಸಿಕೊಂಡು ಆ ಫೋನು ಎತ್ತಿದ್ದರೆ ಮಗಳ ದನಿ ಕೇಳುತ್ತಿತ್ತು, ಅಲ್ಲೇ ಕೂಡು ಬರುತ್ತೇನೆ ಎನ್ನಬಹುದಿತ್ತು. ಈ ತಪ್ಪನ್ನು ಯಾರ ಮೇಲೂ ಹೊರಿಸುವಂತಿರಲಿಲ್ಲ. ದಾವಲ್‌ಬೀ ಅವಳ ಬೆನ್ನು ಸವರುತ್ತ ಕೂತಳು. ಅತ್ತು ಮುಗಿದ ಮೇಲೆ ಬಸ್ಸಮ್ಮ ಮೂಗು ಒರೆಸಿಕೊಂಡು, "ನಾಳೆ ಠಾಣೆಕ ಬರ್ತೀ?" ಎಂದು ಕೇಳಿದಳು.

"ಬಂದ್ರ ಇವರು ನನ್ನ ಅಂಗಡಿ ಎತ್ತಿಸ್ತಾರ."

"ಎತ್ತಿಸಿದ್ರ ಎತ್ತಿಸಲಿ. ಲಿಂಗಸುಗೂರು ಬಸ್ ಸ್ಟ್ಯಾಂಡ್ ಮುಂದ ಇಬ್ಬರೂ ಬಜ್ಜಿ ಹಾಕೂಣು. ಹಿಟ್ಟು ಮಾತ್ರ ನಾ ಕಲಸ್ತೀನಿ."

ದಾವಲ್‌ಬೀಗೆ ನಗು ಬಂತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ತಲೆ ತುಂಬ ಸೆರಗು ಹೊದ್ದು, ಫೋನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಠಾಣೆಯ ಮುಂದೆ ಬಸ್ಸಿನಿಂದ ಇಳಿದಳು. ಅಯ್ಯಪ್ಪನೂ ರಜೆ ಹಾಕಿ ಬಂದಿದ್ದ. ಮರಿಸ್ವಾಮಿ ಕುರ್ಚಿ ತೋರಿಸಿದಾಗ ಈ ಸಲ ಕೂತ.

ದಾವಲ್‌ಬೀಯ ಹೇಳಿಕೆ ಮುಗಿಯಿತು. ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟು ಮರಿಸ್ವಾಮಿ ಕರೆಗಳ ಹೊತ್ತು ಬರೆದುಕೊಂಡ. ಅವನ ಮುಖದಲ್ಲಿದ್ದ ಬೇಸರ ಕಡಿಮೆಯಾಗಿತ್ತು. ಬಸ್ಸಮ್ಮನ ಕಡೆ ತಿರುಗಿ, "ಈಗ ನೀವು ಹೇಳ್ರಿ" ಎಂದ. ಅವಳು ಹೇಳಿದಳು. ಅವನು ಬರೆದ. ಬರೆದದ್ದನ್ನು ಅವಳು ಎಳೆದುಕೊಂಡು ಬೆರಳಿಟ್ಟು ಗಟ್ಟಿಯಾಗಿ ಓದಿದಳು. "...ಕಾರಿನಿಂದ ಇಳಿದು ಎಲ್ಲಿಗೋ ಹೋಗಿರುತ್ತಾಳೆ."

"ಮತ್ತದನ್ನ ಬರದೀರಿ."

"ರೂಢಿ ನೋಡ್ರಿ" ಎಂದು ಮರಿಸ್ವಾಮಿ ನಾಲಿಗೆ ಕಚ್ಚಿಕೊಂಡ. ಆ ಹಾಳೆ ಹರಿದ. ಇನ್ನೊಂದು ಹಾಳೆಯಲ್ಲಿ, ಅಪಘಾತವಾದ ಕಾರಿನಲ್ಲಿ ತನ್ನ ಮಗಳೂ ಇದ್ದು, ಗಾಯಗೊಂಡು, ಅಲ್ಲಿಂದ ಕಾಣೆಯಾಗಿರುತ್ತಾಳೆ, ಅವಳು ಎಲ್ಲಿದ್ದಾಳೆಂಬುದು ತನಗೆ ತಿಳಿದಿರುವುದಿಲ್ಲ ಎಂದು ಬರೆದ. ಬಸ್ಸಮ್ಮ ಅದನ್ನೂ ಓದಿದಳು.

"ನನಗ ತಿಳಿದಿಲ್ಲ ಅನ್ನೂದು ಖರೇನ. ಅದರ ಮುಂದ, ಪೊಲೀಸರಿಗೂ ತಿಳಿದಿಲ್ಲ, ಅವರು ಹುಡುಕಬೇಕು ಅಂತ ಬರೀರಿ."

"ಹಂಗ ಬರಿಯೂ ಪದ್ಧತಿ ಇಲ್ಲವ್ವಾ."

"ಇವತ್ತಿಂದ ಮಾಡ್ರಿ."

ಅಯ್ಯಪ್ಪ ಮೆಲ್ಲಗೆ, "ಬರೀರಿ ಸರ" ಎಂದ. ಮರಿಸ್ವಾಮಿ ಮೂವರ ಮುಖವನ್ನೂ ನೋಡಿದ. ಹುಡುಕಿಕೊಡಬೇಕೆಂದು ಕೋರಿರುತ್ತೇನೆ ಎಂದು ಬರೆಯಲು ಹೋದ. ಕೋರುವುದಲ್ಲ, ಕೇಳುವುದು ಎಂದು ಬಸ್ಸಮ್ಮ ತಿದ್ದಿಸಿದಳು. ಇನ್ನು ಉಳಿದದ್ದು ಹುಡುಗಿಯ ಚಹರೆಯ ಪಟ್ಟಿ. ಹಳೆಯ ಕಾಗದ ನೋಡಿಕೊಂಡು ಅವನು ತಾನೇ ತುಂಬುತ್ತ ಹೋದ. ಎತ್ತರ ಐದು ಅಡಿ ಎರಡು ಇಂಚು. ಗೋಧಿ ಮೈಬಣ್ಣ. ಎಡಗೈ ಮೇಲೆ ಸುಟ್ಟ ಕಲೆ. ವಯಸ್ಸು ಹತ್ತೊಂಬತ್ತು.

"ಇಪ್ಪತ್ತು ಅಂತ ಬರೀರಿ" ಎಂದಳು ಬಸ್ಸಮ್ಮ.

"ಕಾಣೆಯಾದಾಗ ಹತ್ತೊಂಬತ್ತು ಇದ್ದವಲ್ರೀ?"

"ಹೌದು. ಮೊನ್ನೆ ಗುರುವಾರ ಇಪ್ಪತ್ತು ತುಂಬ್ಯಾವ. ನೀವು ಹುಡುಕಬೇಕಾಗಿದ್ದು ಇಪ್ಪತ್ತು ವರ್ಷದ ಹುಡುಗಿನ್ನ."

ಮರಿಸ್ವಾಮಿ ಹತ್ತೊಂಬತ್ತನ್ನು ಹೊಡೆದುಹಾಕಿ ಅದರ ಪಕ್ಕ ಇಪ್ಪತ್ತು ಎಂದು ಬರೆದ.